ಸೀ ಹಾಕ್ ಚಿತ್ರದ ಹಿಂದ್ಗಡೆ ಬರೆದಿದ್ದು

ಮಳೆಗಾಲ ಹಿಡಿಯೋಕೆ ಹದಿನೈದು ದಿನ ಇತ್ತು, ಅಂಕೋಲಾ ಕಡೆಯ ಒಬ್ಬ ಆಯಿ ಮೊಮ್ಮಗನ್ನ ಕರ್ಕೊಂಡು ಅಂಗಡಿಗೆ ಬಂದ್ರು. ಹಳೇ ಪಂಚೆಯಲ್ಲಿ ಸುತ್ತಿದ್ದ ಚಿತ್ರಾನ ಮೇಜಿನ ಮೇಲಿಟ್ಟು "ತಮಾ, ಇದ್ಕೆ ಹೊಸಾ ಕಟ್ಟು ಹಾಕ್ಕೊಡು, ಹಿಂದಿನ ಹಲಗೆ ಒರಲೆ ತಿಂದದೆ, ಅದ್ನ ಇಲ್ಲೇ ಬಿಸಾಕು" ಅಂದ್ರು. ನಾನು ಕಾರವಾರದಲ್ಲಿ ಚಿತ್ರಕ್ಕೆ ಕಟ್ಟು ಹಾಕೋದು, ಹಳೇ ಕಾಗದ ರಿಪೇರಿ ಮಾಡೋದು ಇದೇ ಕೆಲಸದಲ್ಲಿ ಇಪ್ಪತ್ತೈದು ವರ್ಷ ಕಳೆದಿದೀನಿ, 2005ರಲ್ಲಿ ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾದ್ಮೇಲೆ ನೇವಿಯವರೂ ತುಂಬಾ ಬರ್ತಾರೆ, ಹಡಗಿನ ಚಿತ್ರ, ವಿಮಾನದ ಚಿತ್ರ, ವರ್ಗ ಆಗಿ ಹೋಗೋವಾಗ ಗೆಳೆಯರು ಕೊಟ್ಟ ಪ್ರಿಂಟು, ಹಾಗಾಗಿ ವಿಮಾನದ ಚಿತ್ರ ನನಗೆ ಹೊಸದಲ್ಲ. ಆದ್ರೆ ಈ ಚಿತ್ರ ನೋಡಿ ಕೈ ನಿಂತೋಯ್ತು.

ನಮ್ಮ ನೇವಿಯ ಹಳೇ ಜೆಟ್ ಯುದ್ಧವಿಮಾನ ಸೀ ಹಾಕ್, ವಿಮಾನ ಹೊರೋ ಹಡಗು ಹಳೇ ವಿಕ್ರಾಂತ್ ಡೆಕ್ಕಿಗೆ ಇಳೀತಾ ಇದೆ, ಹಿಂದಿನ ಹುಕ್ಕು ಕೆಳಗೆ ಬಿಟ್ಟಿದೆ, ಹುಕ್ಕಿಗೂ ಅದು ಸಿಕ್ಕಿಹಾಕ್ಕೊಂಡು ವಿಮಾನ ನಿಲ್ಲೋಕೆ ಡೆಕ್ಕಿಗೆ ಅಡ್ಡ ಕಟ್ಟಿದ ತಂತಿಗೂ ಮಧ್ಯ ಒಂದು ಗೇಣು ಜಾಗ ಅಷ್ಟೇ. ಪೋಸ್ಟರ್ ಕಲರಲ್ಲಿ ಮಾಡಿದ್ದು. ಫೋಟೋ ನೋಡಿ ಬರೆಯೋರು ಸೀ ಹಾಕಲ್ಲಿ ಮಾಮೂಲಿ ಒಂದು ತಪ್ಪು ಮಾಡ್ತಾರೆ, ಜೆಟ್ ಅಂದ್ಮೇಲೆ ಹೊಗೆ ಬಾಲದಿಂದಾನೇ ಬರ್ಬೇಕು ಅಂದ್ಕೊಂಡು ಬಾಲ ಕಪ್ಪು ಮಾಡಿಬಿಡ್ತಾರೆ. ಈ ವಿಮಾನದಲ್ಲಿ ಹಾಗಲ್ಲ, ಇರೋದು ಒಂದೇ ರೋಲ್ಸ್ ರಾಯ್ಸ್ ನೀನ್ ಇಂಜಿನ್ನು, ಆದ್ರೆ ಅದರ ಹೊಗೆ ಕೊಳವೆ ಎರಡು ಕವಲಾಗಿ ರೆಕ್ಕೆಯ ಬುಡದ ಹಿಂದೆ ಎಡಕ್ಕೊಂದು ಬಲಕ್ಕೊಂದು ತೆರ್ಕೊಳತ್ತೆ. ಇವರು ಆ ಕವಲಿನ ಬಾಯಿಂದ ಹಿಂದಕ್ಕೆ ಹೊಟ್ಟೆ ಬದಿಗೆ ತೆಳ್ಳಗೆ ಮಸಿ ಎಳೆದಿದಾರೆ, ಮಸಿ ಮಧ್ಯದಲ್ಲಿ ಬಟ್ಟೆಯಿಂದ ಒರೆಸಿದ ಹಾಗೆ ಒಂದು ಕಡೆ ತಿಳಿಯಾಗಿದೆ. ದಿನಾ ಆ ಜಾಗ ಒರೆಸಿದವರಿಗೆ ಮಾತ್ರ ಅದು ಹೊಳೆಯತ್ತೆ. ಕೇಳಿದ್ರೆ ಹೌದು, ಆಯಿಯ ಯಜಮಾನರು ನೇವಿಯಲ್ಲಿ ವಿಮಾನದ ಮೆಕ್ಯಾನಿಕ್, ವರ್ಷಗಟ್ಟಲೆ ವಿಕ್ರಾಂತ್ ಮೇಲೇ ಇದ್ದವರು, ರಿಟೈರ್ ಆಗಿ ಊರಿಗೆ ಬಂದು ತೋಟ ಮಾಡ್ಕೊಂಡು, ಸಂಜೆ ಹೊತ್ತು ಜಗಲಿಯಲ್ಲಿ ಕೂತು ವಿಮಾನಾನೇ ಬರೀತಿದ್ರಂತೆ. ತೀರಿಕೊಂಡು ಆರು ವರ್ಷ ಆಯ್ತು. ಮನೆಯವರಿಗೆ ಇಷ್ಟ ಇಲ್ಲ ಅಂತ ಅವರ ಹೆಸರು ಬರೀತಿಲ್ಲ.

ಬಿಸಾಕು ಅಂದ ಹಲಗೇನ ತಿರುಗಿಸಿ ನೋಡ್ದೆ. ಹಾರ್ಡ್‌ಬೋರ್ಡು, ಒಂದು ಮೂಲೆ ಒರಲೆ ತಿಂದು ಮಣ್ಣು, ಉಳಿದ ಜಾಗದಲ್ಲಿ ಪೆನ್ಸಿಲ್ಲಲ್ಲಿ ಸಣ್ಣ ಅಕ್ಷರ. ಮೇಲೆ "300", ಅದು ವೈಟ್ ಟೈಗರ್ಸ್ ಅಂತ ಕರೀತಿದ್ದ ಸೀ ಹಾಕ್ ಸ್ಕ್ವಾಡ್ರನ್ನಿನ ನಂಬರು. ಅದರ ಕೆಳಗೆ ವಿಮಾನದ ನಂಬರು, ಆಮೇಲೆ "ಬೆಳಿಗ್ಗೆ, ಬೆಳಕು ಎಡಗಡೆಯಿಂದ", "ಮೂಗಿನ ಬಣ್ಣ ಸರಿ ಬಂದಿಲ್ಲ", ಕೊನೆಗೆ "ಇದನ್ನ ತಳ್ಳಿದವರು ನಾವು ಆರು ಜನ" ಅಂತ ಬರೆದು ಆರು ಅಡ್ಡಹೆಸರು. ಐದು ಓದೋಕಾಗತ್ತೆ, ಆರನೇದು ಒರಲೆ ತಿಂದ ಮೂಲೆಗೆ ಹೋಗಿದೆ.

ಈ ಅಂಕಣದಲ್ಲಿ ನಾನು ಹೇಳಬೇಕು ಅಂದ್ಕೊಂಡಿದ್ದು ಇಷ್ಟೇ, ಮಿಲಿಟರಿ ವಿಮಾನದ ಚಿತ್ರ ಸಂಗ್ರಹ ಮಾಡೋರು, ಮನೇಲಿ ಅಂಥದ್ದು ಇಟ್ಕೊಂಡೋರು, ಚಿತ್ರದಷ್ಟೇ ಜೋಪಾನವಾಗಿ ಅದರ ಹಿಂದಿನ ಹಲಗೆ, ಚೀಟಿ, ಕವರು, ಕಚ್ಚಾ ಪುಸ್ತಕ ಇಟ್ಕೊಳ್ಳಿ. ಹೂವಿನ ಚಿತ್ರಕ್ಕೆ ಹಿಂದೆ ಏನೂ ಬರೆದಿಲ್ಲ ಅಂದ್ರೂ ಅಡ್ಡಿಲ್ಲ, ಆದ್ರೆ ವಿಮಾನದ ಚಿತ್ರದಲ್ಲಿ ಯಾವ ನಂಬರು, ಯಾರು ಒಳಗಿದ್ರು, ಯಾವತ್ತು ಅನ್ನೋದು ಹೋದ್ರೆ ಅರ್ಧ ಚಿತ್ರಾನೇ ಹೋದಂಗೆ.

ಇದನ್ನ ನಾನು ಒಂದು ಚಿತ್ರ ಹಾಳು ಮಾಡಿ ಕಲಿತೆ. ಕೆಲಸ ಶುರು ಮಾಡಿದ ಹೊಸದ್ರಲ್ಲಿ ಒಂದು ಆಲಿಜೆ ವಿಮಾನದ ಚಿತ್ರ ಬಂದಿತ್ತು, ಫ್ರಾನ್ಸಿನ ವಿಮಾನ, ಸಬ್‌ಮರೀನ್ ಹುಡುಕೋಕೆ ವಿಕ್ರಾಂತ್ ಮೇಲೆ ಇರ್ತಿತ್ತು, ಒಳಗೆ ಮೂರು ಜನ ಕೂರೋದು. ಚಿತ್ರದಲ್ಲೂ ಗಾಜಿನೊಳಗೆ ಮೂರು ತಲೆ ಇತ್ತು. ಹಿಂದಿನ ಹಲಗೆ ಹುಳ ಹಿಡಿದಿದೆ ಅಂತ ತೆಗೆದು ಮನೆಗೆ ಒಯ್ದೆ, ಬಚ್ಚಲ ಒಲೆಗೆ ಹಾಕ್ದೆ, ಅದ್ರಲ್ಲಿ ಏನೋ ಗೀಚಿದ್ದು ಕಂಡಿತ್ತು, ಓದ್ಲಿಲ್ಲ. ಎರಡು ವರ್ಷ ಆದ್ಮೇಲೆ ಒಬ್ಬರು ಹುಡುಕ್ಕೊಂಡು ಬಂದ್ರು, ಆ ಚಿತ್ರದ ಹಿಂದೆ ತಮ್ಮ ಅಣ್ಣನ ಹೆಸರು ಇದೆ ಅಂತ ಯಾರೋ ಹೇಳಿದ್ರಂತೆ, ಅಣ್ಣ ಇಲ್ಲ, ಅವರ ಸರ್ವಿಸಿನ ಫೋಟೋನೂ ಮನೇಲಿ ಒಂದೂ ಉಳಿದಿಲ್ಲ. ಮೂರು ತಲೆಯಲ್ಲಿ ಯಾವುದು ಅಣ್ಣಂದು ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಅವತ್ತಿಂದ ನನ್ನ ಅಂಗಡಿಯಲ್ಲಿ ಹಲಗೆ ಬಿಸಾಡೋದು ಬಂದ್.

ಹೊರದೇಶದಲ್ಲಿ ಇದಕ್ಕೆಲ್ಲ ಒಂದು ರೂಢಿ ಆಗಿಹೋಗಿದೆ. ಇಂಗ್ಲೆಂಡಲ್ಲಿ ವಿಮಾನದ ಚಿತ್ರಕಾರರದ್ದೇ ಗಿಲ್ಡ್ ಅಂತ ಸಂಘ ಇದೆ, ಫ್ರಾಂಕ್ ವೂಟನ್ ಅದರ ಮೊದಲ ಅಧ್ಯಕ್ಷರು. ಅಮೆರಿಕದ ಕೀತ್ ಫೆರಿಸ್ ಅವರು ವಾಷಿಂಗ್ಟನ್ನಿನ ಏರ್ ಅಂಡ್ ಸ್ಪೇಸ್ ಮ್ಯೂಸಿಯಮ್ಮಿನ ಗೋಡೆ ಮೇಲೆ 25 ಅಡಿ ಎತ್ತರ 75 ಅಡಿ ಉದ್ದಕ್ಕೆ ಬಿ-17 ಬಾಂಬರ್ ಬರೆದಿದಾರೆ. ರಾಬರ್ಟ್ ಟೇಲರ್ ಅಂಥವರ ಚಿತ್ರ ಲಿಮಿಟೆಡ್ ಎಡಿಷನ್ ಪ್ರಿಂಟಾಗಿ ಮಾರಾಟ ಆಗತ್ತೆ, ನೇವಿಯವರು ಒಬ್ರಿಬ್ರು ಅಂಥದ್ದು ನನ್ನ ಹತ್ರ ತಂದಿದಾರೆ. ಕೆಳಗೆ ಅಂಚಲ್ಲಿ 213/500 ಅಂತ ಪೆನ್ಸಿಲ್ಲಲ್ಲಿ ಇದ್ರೆ ಐನೂರರಲ್ಲಿ ಇನ್ನೂರಹದಿಮೂರನೇದು ಅಂತ ಅರ್ಥ, ಎ/ಪಿ ಅಂತಿದ್ರೆ ಚಿತ್ರಕಾರ ತನಗೆ ಅಂತ ಬೇರೆ ಇಟ್ಕೊಂಡ ಪ್ರತಿ, ಅಂಚಲ್ಲೇ ಕೈಯಿಂದ ಸಣ್ಣ ವಿಮಾನ ಗೀಚಿ ಕೊಟ್ಟಿದ್ರೆ ಅದಕ್ಕೆ ರಿಮಾರ್ಕ್ ಅಂತಾರೆ, ಬೆಲೆ ಜಾಸ್ತಿ. ಜೊತೆಗೆ ಆ ಯುದ್ಧದಲ್ಲಿ ಹಾರಿದ ಪೈಲಟ್‌ಗಳ ಸಹಿನೂ ಇರತ್ತೆ, ಹೆಚ್ಚಿನವರು ಆ ಸಹಿಗೋಸ್ಕರಾನೇ ಕೊಳ್ಳೋದು. ಇಲ್ಲೊಂದು ಮಾತು. ಪೆನ್ಸಿಲ್ ಬೆಳಕಿಗೆ ಮಾಸಲ್ಲ, ಸ್ಕೆಚ್ ಪೆನ್ನು ಬಾಲ್ ಪೆನ್ನಿನ ಸಹಿ ಮಾಸತ್ತೆ. ಬಿಸಿಲು ಬೀಳೋ ಗೋಡೆಗೆ ಹಾಕಿದ್ರೆ ಪ್ರಿಂಟಿನ ಕೆಂಪು, ಹಳದಿ ಮೊದಲು ಹೋಗಿ ಚಿತ್ರ ಪೂರ್ತಿ ನೀಲಿಗೆ ತಿರುಗತ್ತೆ, ಅಷ್ಟೊತ್ತಿಗೆ ಸಹಿನೂ ಇರಲ್ಲ.

ನಮ್ಮ ಕರಾವಳೀಲಿ ಈ ನಂಬರು, ಸರ್ಟಿಫಿಕೇಟು ಯಾವುದೂ ಇಲ್ಲ. ಇರೋದು ಆಯಿ ಮನೆಯವರ ಥರದವರು, ಒಬ್ಬೊಬ್ಬರು ಹತ್ತಿಪ್ಪತ್ತು ಚಿತ್ರ ಬರೆದು ಗೆಳೆಯನ ಮಗಳ ಮದುವೆಗೆ ಒಂದು, ಊರಿನ ಶಾಲೆಗೆ ಒಂದು, ಗೋವಾದಲ್ಲಿರೋ ಹಳೇ ಆಫೀಸರಿಗೆ ಒಂದು ಅಂತ ಕೊಟ್ಟುಬಿಟ್ಟಿರ್ತಾರೆ. ಅಂಥವರ ಕೆಲಸ ಕೂಡಿಸೋದು ಅಂದ್ರೆ ಎಲ್ಲಾ ಕೊಂಡು ಒಂದೇ ಕಡೆ ಪೇರಿಸೋದು ಅಲ್ಲ, ಎಲ್ಲೆಲ್ಲಿ ಯಾವುದಿದೆ ಅಂತ ಪಟ್ಟಿ ಮಾಡೋದು, ಮುಂದೂ ಹಿಂದೂ ಎರಡೂ ಕಡೆ ಫೋಟೋ ತೆಗೆಯೋದು, ಅಳತೆ ಬರ್ಕೊಳ್ಳೋದು. ಆಯಿ ಮೊಮ್ಮಗ ಎಂಜಿನಿಯರಿಂಗ್ ಓದೋ ಹುಡುಗ, ರಜೆಯಲ್ಲಿ ಬೈಕ್ ಹತ್ತಿ ಅಂಕೋಲಾ, ಗೋಕರ್ಣ, ಸದಾಶಿವಗಡ ಎಲ್ಲಾ ಸುತ್ತಿ ಇಲ್ಲೀವರೆಗೆ ಹದಿನಾಲ್ಕು ಚಿತ್ರ ಹುಡುಕಿದಾನೆ. ಒಂದು ಕಡೆ ಚಿತ್ರ ಇದೆ ಅಂತ ಹೋದ್ರೆ ಅದಕ್ಕೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಿಟ್ಟಿದಾರಂತೆ, ಪೋಸ್ಟರ್ ಕಲರು ಆ ಬಿಸಿಗೆ ಪ್ಲಾಸ್ಟಿಕ್ಕಿಗೇ ಹಿಡ್ಕೊಂಡಿದೆ. ಅದನ್ನ ಬಿಡಿಸೋಕೆ ನನ್ನ ಕೈಲೂ ಆಗಲ್ಲ, ಫೋಟೋ ತೆಗೆದು ಹಾಗೇ ಬಿಡೋದು ಅಷ್ಟೇ. ದಯವಿಟ್ಟು ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡಿ.

ತಾರೀಕು ಬರೆದಿಲ್ಲ ಅಂದ್ರೆ ಚಿತ್ರಾನೇ ಸ್ವಲ್ಪ ಹೇಳತ್ತೆ. ಹಳೇ ವಿಕ್ರಾಂತ್ 1961ರ ಮಾರ್ಚ್ 4ಕ್ಕೆ ನೇವಿಗೆ ಸೇರಿದ್ದು, ಆವಾಗ ಮುಂದಿನ ಡೆಕ್ಕು ಸಪಾಟು, ಉಗಿಯಿಂದ ತಳ್ಳೋ ಕ್ಯಾಟಪಲ್ಟಿಂದ ಸೀ ಹಾಕು, ಆಲಿಜೆ ಹಾರ್ತಿದ್ವು, 1971ರ ಡಿಸೆಂಬರ್ 4ಕ್ಕೆ ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿಗೆ ಹೋಗಿದ್ದು ಅಲ್ಲಿಂದಾನೇ. ಸೀ ಹಾಕ್ ಜಾಗಕ್ಕೆ ಸೀ ಹ್ಯಾರಿಯರ್ ವಿಮಾನ ನಮ್ಮ ದೇಶಕ್ಕೆ ಬಂದಿದ್ದು 1983ರಲ್ಲಿ, ಅದಕ್ಕೋಸ್ಕರ 80ರ ದಶಕದ ಕೊನೆಗೆ ಹಡಗಿನ ಮೂತಿಯನ್ನ ಮೇಲಕ್ಕೆ ಬಾಗಿಸಿದ್ರು, ಸ್ಕೀ ಜಂಪ್ ಅಂತಾರೆ. ಹಾಗಾಗಿ ಸಪಾಟು ಮೂತಿ ಇದ್ರೆ ಚಿತ್ರದಲ್ಲಿರೋ ಘಟನೆ ಅದಕ್ಕಿಂತ ಹಿಂದಿಂದು. ಬಾಗಿದ ಮೂತಿ ಮೇಲೆ ಸೀ ಹಾಕ್ ನಿಂತಿದ್ರೆ ಬರೆದವರು ಹಡಗಿನ ಮೇಲೆ ಇದ್ದವರಲ್ಲ.

ಈಗ ಆಯಿಯ ಚಿತ್ರಕ್ಕೆ ಏನು ಮಾಡ್ದೆ ಅಂತ ಹೇಳ್ತೀನಿ, ಯಾಕಂದ್ರೆ ಕಾರವಾರದ ಮಳೆ, ಉಪ್ಪು ಗಾಳಿ ಎರಡೂ ಸೇರಿ ಕಾಗದಾನ ತಿನ್ನೋ ಥರ ಬಯಲುಸೀಮೆಯಲ್ಲಿ ತಿನ್ನಲ್ಲ. ಮೊದಲು ಗಾಜು. ಪೋಸ್ಟರ್ ಕಲರಿಗೆ ನೀರು ತಾಗಿದ್ರೆ ಕರಗತ್ತೆ, ಗಾಜು ನೇರ ಚಿತ್ರದ ಮೇಲೆ ಕೂತಿದ್ರೆ ಮಳೆಗಾಲದ ಬೆವರಿಗೆ ಬಣ್ಣ ಗಾಜಿಗೇ ಹಿಡ್ಕೊಂಡುಬಿಡತ್ತೆ, ಹಾಗೆ ಹಿಡಿದಿದ್ರೆ ಎಳೀಬೇಡಿ, ಗಾಜಿನ ಸಮೇತ ತನ್ನಿ. ಪುಣ್ಯಕ್ಕೆ ಇದಕ್ಕೆ ಸುತ್ತ ಮೌಂಟ್, ಅಂದ್ರೆ ಗಾಜಿಗೂ ಚಿತ್ರಕ್ಕೂ ನಡುವೆ ಹಾಕೋ ರಟ್ಟಿನ ಅಂಚು ಇತ್ತು, ಮಧ್ಯ ಸಂದು ಇತ್ತು. ಮೌಂಟ್ ಎತ್ತಿದಾಗ ಒಂದು ಕಂಡಿತು, ವಿಮಾನದ ಒಂದು ರೆಕ್ಕೆ ತುದಿ ಮೌಂಟಿನ ಅಡಿಗೆ ಹೋಗಿತ್ತು, ರೆಕ್ಕೆ ಮೇಲಿನ ಕೇಸರಿ-ಬಿಳಿ-ಹಸಿರು ಚಕ್ರದಲ್ಲಿ ಬೆಳಕು ಬಿದ್ದ ಅರ್ಧ ಮಾಸಿ ತಿಳಿ ಹಳದಿ ಆಗಿದೆ, ಅಡಿಗಿದ್ದ ಅರ್ಧ ಈಗ ತಾನೇ ಅರಳಿದ ಅಬ್ಬಲಿಗೆ ಬಣ್ಣ. ಮೊಮ್ಮಗ "ಮಾಸಿದ್ದಕ್ಕೆ ಬಣ್ಣ ಹಚ್ಚಿಬಿಡಿ ಸರ್" ಅಂದ. ಹಚ್ಚಲ್ಲ ಅಂದೆ. ಅಜ್ಜನ ಕೈ ಮೇಲೆ ನನ್ನ ಕೈ ಇಡೋಕೆ ನನಗೆ ಹಕ್ಕಿಲ್ಲ, ಬೇಕಿದ್ರೆ ಆ ಅರ್ಧ ಚಕ್ರ ಕಾಣೋ ಹಾಗೆ ಮೌಂಟ್ ಸ್ವಲ್ಪ ಅಗಲ ಕತ್ತರಿಸ್ತೀನಿ ಅಂದೆ, ಆಯಿ ಅದೇ ಆಗ್ಲಿ ಅಂದ್ರು.

ಬೂಷ್ಟು ಸ್ವಲ್ಪ ಇತ್ತು. ಒದ್ದೆ ಬಟ್ಟೆಯಿಂದ ಒರೆಸೋದು ದೊಡ್ಡ ತಪ್ಪು, ಅದು ಇನ್ನೂ ಒಳಗೆ ಇಳಿಯತ್ತೆ. ಒಣಗಿದ ಜಾಗದಲ್ಲಿ ಗಾಳಿಗೆ ಇಟ್ಟು, ಪೂರ್ತಿ ಒಣಗಿದ್ಮೇಲೆ ಮನೆ ಹೊರಗೆ, ಮೂಗಿಗೆ ಮಾಸ್ಕ್ ಹಾಕ್ಕೊಂಡು ಮೆತ್ತನೆ ಬ್ರಶ್ಶಲ್ಲಿ ತೆಗೀಬೇಕು. ಚಿತ್ರ ಕೂರಿಸಿದ್ದು ಆಸಿಡ್ ಇಲ್ಲದ ಹತ್ತಿ ಬೋರ್ಡಿನ ಮೇಲೆ, ಮೇಲ್ಗಡೆ ಎರಡು ಕಡೆ ಮಾತ್ರ ಜಪಾನಿ ಕಾಗದದ ಸಣ್ಣ ಪಟ್ಟಿ, ಅದಕ್ಕೆ ಗೋಧಿ ಪಿಷ್ಟದ ಅಂಟು, ನಾಳೆ ಯಾರಾದ್ರೂ ತೆಗೀಬೇಕು ಅಂದ್ರೆ ಸ್ವಲ್ಪ ತೇವ ಮಾಡಿದ್ರೆ ಬಿಡತ್ತೆ. ಸೆಲ್ಲೋ ಟೇಪು, ಬಿಳಿ ಅಂಟು ಹಚ್ಚಿದ್ರೆ ಬಿಡಲ್ಲ, ಕಾಗದಾನ ಹಳದಿ ಮಾಡಿ ಕೊಲ್ಲತ್ತೆ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ತುಂಡು ಅಂಟಿಸಿದೀನಿ, ಗೋಡೆಗೂ ಫ್ರೇಮಿಗೂ ಮಧ್ಯ ಗಾಳಿ ಆಡ್ಲಿ ಅಂತ. ಸಮುದ್ರದ ಕಡೆಯ ಹೊರಗೋಡೆಗೆ ಹಾಕ್ಬೇಡಿ, ದೇವರ ಕೋಣೆ ಪಕ್ಕದ ಒಳಗೋಡೆ ಒಳ್ಳೇದು ಅಂದಿದೀನಿ.

ಹಳೇ ಹಲಗೆ? ಅದನ್ನ ಚಿತ್ರಕ್ಕೆ ತಾಗಿಸಿ ಇಡೋ ಹಾಗಿಲ್ಲ, ಹಾರ್ಡ್‌ಬೋರ್ಡಿನ ಆಸಿಡ್ ಕಾಗದಕ್ಕೆ ಹೋಗತ್ತೆ. ಒರಲೆ ಮಣ್ಣು ಕೊಡವಿ, ಎರಡೂ ಕಡೆ ಓರೆ ಬೆಳಕಲ್ಲಿ ಫೋಟೋ ತೆಗೆದು, ಬೇರೆ ಪೆಟ್ಟಿಗೆಯಲ್ಲಿ ಹಾಕ್ಕೊಟ್ಟಿದೀನಿ, ಬರೆದಿದ್ದನ್ನೆಲ್ಲ ಹೊಸ ಕಾಗದದಲ್ಲಿ ಪೆನ್ಸಿಲ್ಲಲ್ಲಿ ನಕಲು ಮಾಡಿ ಹೊಸ ಫ್ರೇಮಿನ ಹಿಂದೆ ಲಕೋಟೆಯಲ್ಲಿ ಇಟ್ಟಿದೀನಿ. ಆರನೇ ಹೆಸರಿನ ಜಾಗ ಖಾಲಿ ಬಿಟ್ಟಿದೆ.

ಆ ಹೆಸರಿಗೋಸ್ಕರ ಹುಡುಗ ಅಜ್ಜನ ಜೊತೆ ಇದ್ದ ಇಬ್ಬರು ಹಿರಿಯರನ್ನ ಮಾತಾಡಿಸಿದ, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ. ಮೊದಲ ದಿನ ನೇರ ವಿಮಾನದ ನಂಬರು ಕೇಳಿದ, ನೆನಪಿಲ್ಲ ಅಂದ್ರು. ಎರಡನೇ ಸಲ ಡೆಕ್ಕಿಂದ ಇಳಿದ್ಮೇಲೆ ಊಟ ಎಂತ ಇರ್ತಿತ್ತು ಅಂತ ಕೇಳು ಅಂದೆ, ಊಟದಿಂದ ಶುರುವಾಗಿ ಯಾರು ಯಾರ ಪಕ್ಕ ಕೂರ್ತಿದ್ರು, ಯಾರ ಕೈ ಸುಟ್ಟಿತ್ತು, ಎರಡು ಗಂಟೆ ಮಾತು. ಆರನೇ ಹೆಸರು ಇನ್ನೂ ಸಿಕ್ಕಿಲ್ಲ.

ಯಾರೋ ಈ ಚಿತ್ರಗಳನ್ನ ಕ್ಯಾಲೆಂಡರ್ ಮಾಡ್ತೀವಿ ಅಂತ ಕೇಳಿದಾರಂತೆ. ಚಿತ್ರ ಉಡುಗೊರೆ ಸಿಕ್ತು ಅಂದ ಮಾತ್ರಕ್ಕೆ ಅಚ್ಚು ಹಾಕೋ ಹಕ್ಕು ಸಿಗಲ್ಲ, ನಮ್ಮ ಕಾನೂನಲ್ಲಿ ಕಾಪಿರೈಟ್ ಚಿತ್ರಕಾರ ತೀರಿಕೊಂಡ್ಮೇಲೂ 60 ವರ್ಷ ಇರತ್ತೆ, ಅಂದ್ರೆ ಮನೆಯವರನ್ನ ಕೇಳ್ಬೇಕು. ಆಯಿ ಮಾಡ್ಲಿ, ಆದ್ರೆ ಹಿಂದೆ ಬರೆದಿದ್ದೂ ಹಾಕ್ಬೇಕು ಅಂದಿದಾರೆ.

ಕಳೆದ ಭಾನುವಾರ ಹುಡುಗ ಅಜ್ಜನ ಕಚ್ಚಾ ಪುಸ್ತಕ ತಂದಿದ್ದ. ಒಂದು ಪುಟದಲ್ಲಿ ಟುಪೊಲೆವ್ 142 ಅನ್ನೋ ನೇವಿಯ ದೊಡ್ಡ ವಿಮಾನ, ರಿಟೈರ್ ಆದ್ಮೇಲೆ ಗೆಳೆಯನ್ನ ನೋಡೋಕೆ ಗೋವಾಕ್ಕೆ ಹೋದಾಗ ದಾಬೋಲಿಂ ವಿಮಾನ ನಿಲ್ದಾಣದ ಹೊರಗೆ ನಿಂತು ಬರೆದಿದ್ದಂತೆ. ಆ ವಿಮಾನ 1988ರಲ್ಲಿ ಅಲ್ಲಿಗೆ ಬಂದಿದ್ದು, 1992ಕ್ಕೆ ತಮಿಳುನಾಡಿನ ಅರಕ್ಕೋಣಂಗೆ ಹೋಯ್ತು, ಹಾಗಾಗಿ ಪುಟದಲ್ಲಿ ತಾರೀಕು ಇಲ್ಲ ಅಂದ್ರೂ ಆ ನಾಲ್ಕೈದು ವರ್ಷದ ಒಳಗಿನದ್ದೇ. ಪ್ರೊಪೆಲ್ಲರ್ ಪಕ್ಕ "4+4, ಮುಂದಿಂದು ಒಂದು ಕಡೆ, ಹಿಂದಿಂದು ಉಲ್ಟಾ" ಅಂತ ಗೀಚಿದ್ರು, ಒಂದೊಂದು ಇಂಜಿನ್ನಿಗೂ ಹಿಂದೆ ಮುಂದೆ ನಾಲ್ಕು ನಾಲ್ಕು ಅಲಗು, ಒಂದಕ್ಕೊಂದು ಉಲ್ಟಾ ತಿರುಗತ್ತೆ ಅಂತ. ಅಂಥದ್ದೇ ಒಂದು ಈಗ ನಮ್ಮ ಟ್ಯಾಗೋರ್ ಬೀಚಲ್ಲಿ ಐಎನ್‌ಎಸ್ ಚಪಲ್ ಅನ್ನೋ ಹಳೇ ಯುದ್ಧನೌಕೆ ಪಕ್ಕ ನಿಂತಿದೆಯಲ್ಲ, ಪುಸ್ತಕ ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು ಇಬ್ರೂ ಅಲ್ಲಿಗೆ ನಡ್ಕೊಂಡು ಹೋದ್ವಿ. ಜಿಟಿಜಿಟಿ ಮಳೆ. ಹುಡುಗ ಕೊಡೆ ನನ್ನ ಕೈಗೆ ಕೊಟ್ಟು, ಕತ್ತೆತ್ತಿ, ಬೆರಳು ತೋರಿಸ್ಕೊಂಡು ಒಂದು ಇಂಜಿನ್ನಿನ ಅಲಗು ಎಣಿಸ್ದ. ಎಂಟು ಅಂದ, ಮತ್ತೆ ಮೊದಲಿಂದ ಎಣಿಸೋಕೆ ಶುರು ಮಾಡ್ದ.