ಕಸಿ ಕಟ್ಟಿದ ಕೊಂಬೆ: ರೋಮಾಪುರದವರಿಗೆ ಬರೆದ ಪತ್ರದ 11ನೇ ಅಧ್ಯಾಯದ ಟಿಪ್ಪಣಿ

ದೇವರು ಇಸ್ರಾಯೇಲರನ್ನು, ಅಂದರೆ ಯೆಹೂದ್ಯರನ್ನು, ಕೈಬಿಟ್ಟು ಅವರ ಸ್ಥಾನವನ್ನು ಕ್ರೈಸ್ತರಿಗೆ ಕೊಟ್ಟನೇ? ಕನ್ನಡದಲ್ಲಿ ಈ ವಿಷಯವನ್ನು ಓದುವವರಿಗೆ ಮೊದಲ ತೊಡಕು ಪದದಲ್ಲೇ ಇದೆ. ಬೈಬಲಿನ ಮೊದಲ ಭಾಗದ ಹೆಸರು ‘ಹಳೆಯ ಒಡಂಬಡಿಕೆ’. ದೇವರು ಇಸ್ರಾಯೇಲರೊಂದಿಗೆ ಮಾಡಿಕೊಂಡದ್ದೂ ಒಡಂಬಡಿಕೆಯೇ. ಹೀಗಾಗಿ ಪುಸ್ತಕ ಹಳೆಯದಾದರೆ ಅದರೊಳಗಿನ ವಾಗ್ದಾನಗಳೂ ಅವಧಿ ಮೀರಿದವೆಂಬ ಭಾವನೆ ಅರಿವಿಲ್ಲದೆ ಬೆಳೆಯುತ್ತದೆ. ಆದರೆ ಆ ಪುಸ್ತಕದಲ್ಲಿರುವುದು ಒಂದೇ ಒಡಂಬಡಿಕೆಯಲ್ಲ.

ಆದಿಕಾಂಡದ 15ನೇ ಅಧ್ಯಾಯದಲ್ಲಿ ದೇವರು ವಾಗ್ದಾನವನ್ನು ಸ್ಥಿರಪಡಿಸುವಾಗ, ಆತನ ಸಾನ್ನಿಧ್ಯದ ಗುರುತಾಗಿ, ಕಡಿದಿಟ್ಟ ಪಶುಗಳ ನಡುವೆ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಹಾದುಹೋಗುತ್ತವೆ. ಇಸ್ರಾಯೇಲರ ಮೂಲಪುರುಷನಾದ ಅಬ್ರಾಮನು ಹಾದುಹೋಗುವುದಿಲ್ಲ, ಅವನಿಗೆ ಗಾಢನಿದ್ರೆ ಕವಿದಿರುತ್ತದೆ. ಮೋಶೆಯ ಮೂಲಕ ಧರ್ಮಶಾಸ್ತ್ರ ದೊರೆತ ಸೀನಾಯಿ ಬೆಟ್ಟದಲ್ಲಾದರೋ ಜನರು ತಾವೇ ಬಾಯಿಬಿಟ್ಟು ಆಜ್ಞೆಗಳನ್ನು ಅನುಸರಿಸುವೆವೆಂದು ಒಪ್ಪಿಕೊಳ್ಳುತ್ತಾರೆ (ವಿಮೋಚನಕಾಂಡ 24:7). ಮೊದಲನೆಯದರ ಹೊಣೆ ದೇವರದು, ಎರಡನೆಯದರಲ್ಲಿ ಜನರ ಮಾತೂ ಸೇರಿದೆ. 430 ವರ್ಷಗಳ ನಂತರ ಬಂದ ಧರ್ಮಶಾಸ್ತ್ರವು ಮೊದಲಿನ ವಾಗ್ದಾನವನ್ನು ರದ್ದುಮಾಡಲಾರದೆಂದು, ರೋಮಾಪುರದವರಿಗೂ ಪತ್ರ ಬರೆದ ಅಪೊಸ್ತಲ ಪೌಲನು ಗಲಾತ್ಯದವರಿಗೆ ಬರೆಯುವಾಗ (3:17) ಇದೇ ಭೇದವನ್ನು ಆಧಾರವಾಗಿಟ್ಟುಕೊಂಡಿದ್ದಾನೆ.

ಇನ್ನು ರೋಮಾಪುರದ ಸಂದರ್ಭ. ಸುಮಾರು ಕ್ರಿ.ಶ. 49ರಲ್ಲಿ ಕ್ಲೌದ್ಯ ಚಕ್ರವರ್ತಿಯು ಯೆಹೂದ್ಯರನ್ನು ಆ ಪಟ್ಟಣದಿಂದ ಹೊರಡಿಸಿದನು. ದಂಪತಿಗಳಾದ ಅಕ್ವಿಲನೂ ಪ್ರಿಸ್ಕಿಲ್ಲಳೂ ಕೊರಿಂಥಕ್ಕೆ ಬಂದದ್ದು ಹಾಗೆಯೇ (ಅಪೊಸ್ತಲರ ಕೃತ್ಯಗಳು 18:2). ಪೌಲನು ಪತ್ರ ಬರೆಯುವ ವೇಳೆಗೆ ಅವರು ಮರಳಿದ್ದರು. ಅಷ್ಟರಲ್ಲಿ ಅಲ್ಲಿನ ಕ್ರೈಸ್ತ ಸಭೆಯಲ್ಲಿ ಅನ್ಯಜನರೇ (ಯೆಹೂದ್ಯರಲ್ಲದವರೇ) ಹೆಚ್ಚಾಗಿ, ಹಿಂದಿರುಗಿದ ಯೆಹೂದ್ಯರನ್ನು ಅವರು ಕೀಳಾಗಿ ಕಂಡಿರಬಹುದೆಂದು ಅನೇಕ ವ್ಯಾಖ್ಯಾನಕಾರರು ಊಹಿಸುತ್ತಾರೆ. 11ನೇ ಅಧ್ಯಾಯದ ಗದರಿಕೆಯ ದನಿ ಆ ಊಹೆಗೆ ಒಪ್ಪುತ್ತದೆ.

ಅಲ್ಲಿ ಬರುವ ಎಣ್ಣೆಮರದ (ಆಲಿವ್ ಮರದ) ಹೋಲಿಕೆಯನ್ನು ಮಾವಿನ ಕಸಿ ಬಲ್ಲವರು ಸ್ವಲ್ಪ ನಿಂತು ಓದಬೇಕು. ನಾವು ನಾಟಿ ಗಿಡದ ಬುಡಕ್ಕೆ ಒಳ್ಳೆಯ ಜಾತಿಯ ಕಡ್ಡಿಯನ್ನು ಕಟ್ಟುತ್ತೇವೆ; ಪೌಲನ ಮಾತಿನಲ್ಲಿ ಕಾಡುಮರದ ಕೊಂಬೆಯೇ (ಅನ್ಯಜನರು) ತೋಟದ ಮರಕ್ಕೆ (ಇಸ್ರಾಯೇಲಿಗೆ) ಸೇರುತ್ತದೆ. ಅವನಿಗೆ ತೋಟದ ಕೆಲಸ ತಿಳಿಯದೆಂದು ನಗುವವರಿದ್ದಾರೆ, ಆದರೆ ಇದು ಸ್ವಭಾವಕ್ಕೆ ವಿರುದ್ಧವೆಂದು ಅವನೇ 24ನೇ ವಚನದಲ್ಲಿ ಹೇಳುತ್ತಾನೆ. ಕಾಡುಕೊಂಬೆಯು ತನ್ನ ಯೋಗ್ಯತೆಯಿಂದ ಅಲ್ಲಿಗೆ ಸೇರಿದ್ದಲ್ಲ. ಬೇರನ್ನು ನೀನು ಹೊತ್ತಿಲ್ಲ, ಬೇರೇ ನಿನ್ನನ್ನು ಹೊತ್ತಿದೆ ಎಂಬ 18ನೇ ವಚನದ ಎಚ್ಚರಿಕೆಗೆ ಬಲ ಬರುವುದು ಇದರಿಂದಲೇ. ಮುರಿದುಬಿದ್ದವು ಕೆಲವು ಕೊಂಬೆಗಳು ಮಾತ್ರ, ಅಂದರೆ ನಂಬದೆ ಹೋದ ಯೆಹೂದ್ಯರು. ಮರವನ್ನು ಕಡಿದು ಹೊಸದನ್ನು ನೆಟ್ಟ ಮಾತು ಎಲ್ಲಿಯೂ ಇಲ್ಲ.

ಆದರೂ 2ನೇ ಶತಮಾನದಲ್ಲಿಯೇ ಹುತಾತ್ಮ ಜಸ್ಟಿನನು ಕ್ರೈಸ್ತರನ್ನೇ ನಿಜವಾದ ಇಸ್ರಾಯೇಲೆಂದು ಕರೆದನು. ಆ ವಿಚಾರ ಬಹುಕಾಲ ಉಳಿಯಿತು. 1965ರ ಅಕ್ಟೋಬರ್ 28ರಂದು ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯು ಪ್ರಕಟಿಸಿದ ‘ನೋಸ್ತ್ರಾ ಎಟಾಟೆ’ ಘೋಷಣೆಯು ಇದೇ ಎಣ್ಣೆಮರವನ್ನು ನೆನಪಿಸಿ, ಯೆಹೂದ್ಯರು ದೇವರಿಂದ ತಿರಸ್ಕೃತರೆಂದು ಬೋಧಿಸಬಾರದೆಂದಿತು.

ಇದಕ್ಕೆ ಎದುರಾಗಿ ಇಬ್ರಿಯರಿಗೆ ಬರೆದ ಪತ್ರದ 8:13ನ್ನು ಮುಂದಿಡುವವರುಂಟು: ಹಳೆಯದು ಅಳಿಯಲಿದೆಯೆಂದು ಅಲ್ಲಿ ಹೇಳಿರುವುದು ನಿಜ. ಆದರೆ ಹಾಗೆ ಹೇಳಿರುವುದು ಸೀನಾಯಿಯ ಒಡಂಬಡಿಕೆಯ ಕುರಿತು, ಜನಾಂಗದ ಕುರಿತಲ್ಲವೆಂಬುದು ನನ್ನ ಓದು. ಆ ಪತ್ರವು ಯೆರೆಮೀಯ 31ನೇ ಅಧ್ಯಾಯದ 31ರಿಂದ 34ರವರೆಗಿನ ವಚನಗಳನ್ನು ಉದ್ಧರಿಸಿ ನಿಲ್ಲುತ್ತದೆ. ಹೊಸ ಒಡಂಬಡಿಕೆಯು ಇಸ್ರಾಯೇಲ್ ಮತ್ತು ಯೆಹೂದ ವಂಶಗಳೊಂದಿಗೇ ಎಂದು ಅಲ್ಲಿ ಸ್ಪಷ್ಟವಾಗಿದೆ. ಮುಂದಿನ ಮೂರು ವಚನಗಳನ್ನೂ ಓದಿರಿ: ಸೂರ್ಯ, ಚಂದ್ರ, ನಕ್ಷತ್ರಗಳ ಕಟ್ಟಳೆ ತಪ್ಪಿದರೆ ಮಾತ್ರ ಇಸ್ರಾಯೇಲ್ ಸಂತಾನವು ಜನಾಂಗವಾಗಿ ಉಳಿಯದೆಂದು ಪ್ರವಾದಿಯು ಅಲ್ಲಿ ಸಾರುತ್ತಾನೆ.