ಟ್ಯಾಂಕಿನಲ್ಲಿ ಪಾಚಿಯೇ? ಮೊದಲು ಲೈಟಿನ ಗಂಟೆ ಎಣಿಸಿ

ಅಕ್ವೇರಿಯಂನಲ್ಲಿ ಪಾಚಿ ಬಂದಿದೆ ಎಂದು ಫೋನ್ ಮಾಡುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಯಾವ ಔಷಧಿ ಹಾಕಲಿ? ಯಾವ ಮೀನು ತರಲಿ? ನಾನು ತಿರುಗಿ ಕೇಳುವುದು ಒಂದೇ: ದಿನಕ್ಕೆ ಲೈಟ್ ಎಷ್ಟು ಹೊತ್ತು ಉರಿಯುತ್ತದೆ? 'ಬೆಳಿಗ್ಗೆ ಎದ್ದಾಗ ಹಾಕ್ತೀವಿ, ಮಲಗೋವಾಗ ಆರಿಸ್ತೀವಿ' ಎಂಬ ಉತ್ತರ ಬಂದರೆ ಅರ್ಧ ಕಾರಣ ಅಲ್ಲೇ ಸಿಕ್ಕಿತು.

ಮೀನುಗಳಿಗೆ ಅಷ್ಟೊಂದು ಬೆಳಕು ಬೇಕಾಗಿಲ್ಲ. ನಮಗೆ ನೋಡಲು ಚೆಂದ ಅಂತ ಹಾಕಿರುತ್ತೇವೆ, ಅಷ್ಟೇ. ಗಿಡ ಇರುವ ಟ್ಯಾಂಕಿಗೂ ದಿನಕ್ಕೆ 6ರಿಂದ 8 ಗಂಟೆ ಸಾಕು. ಪಾಚಿ ಈಗಾಗಲೇ ಹಿಡಿದಿದ್ದರೆ 6ಕ್ಕೆ ಇಳಿಸಿ. ಇದನ್ನು ನೆನಪಿನ ಮೇಲೆ ಬಿಡಬೇಡಿ, ಟೈಮರ್ ಹಾಕಿ. ಸಂಜೆ ಮನೆಗೆ ಬಂದಮೇಲೆ ಮೀನು ನೋಡುವ ಆಸೆಯಿದ್ದರೆ ಲೈಟಿನ ಹೊತ್ತನ್ನೇ ಸಂಜೆಗೆ ಇಟ್ಟುಕೊಳ್ಳಿ. ಕಿಟಕಿಯ ಬಿಸಿಲು ಟ್ಯಾಂಕಿನ ಮೇಲೆ ನೇರ ಬೀಳುತ್ತಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಪರದೆ ಎಳೆಯಿರಿ, ಇಲ್ಲವೇ ಜಾಗ ಬದಲಿಸಿ.

ಲೈಟ್ ಇಳಿಸಿದ ಮಾರನೇ ದಿನವೇ ಪಾಚಿ ಹೋಗುವುದಿಲ್ಲ. ಎರಡು-ಮೂರು ವಾರ ಕಾಯಬೇಕು. ಇರುವ ಪಾಚಿಯನ್ನು ನೀವೇ ಕೈಯಾರೆ ತೆಗೆಯಬೇಕು. ಲೈಟ್ ಕಡಿಮೆ ಮಾಡಿದರೆ ಹೊಸದು ಬರುವುದು ನಿಧಾನವಾಗುತ್ತದೆ, ಹಳೆಯದು ತಾನಾಗಿ ಕರಗುವುದಿಲ್ಲ. ಈ ಹೊತ್ತಿನಲ್ಲಿ ತಾಳ್ಮೆಗೆಟ್ಟು ಲೈಟು, ಗೊಬ್ಬರ, ಫಿಲ್ಟರ್, ಔಷಧಿ ಎಲ್ಲವನ್ನೂ ಒಟ್ಟಿಗೆ ಬದಲಿಸುವವರೇ ಜಾಸ್ತಿ. ಆಮೇಲೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಪಾಚಿಯ ಊಟದ ವಿಷಯ. ನೀವು ಹಾಕುವ ಆಹಾರ ಎಲ್ಲಿಗೂ ಮಾಯವಾಗುವುದಿಲ್ಲ. ಮೀನು ತಿಂದದ್ದೂ, ತಿನ್ನದೆ ಕೊಳೆತದ್ದೂ ಅಮೋನಿಯಾ ಆಗುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ನೀರಿನಲ್ಲೇ ಉಳಿಯುತ್ತದೆ, ಜೊತೆಗೆ ಆಹಾರದಿಂದಲೇ ಬರುವ ಫಾಸ್ಫೇಟ್ ಕೂಡ. ಪಾಚಿಯ ಊಟ ಇವೇ. ಅವು ಹೊರಗೆ ಹೋಗಲು ಮುಖ್ಯವಾಗಿ ಎರಡು ದಾರಿ: ನೀರು ಬದಲಿಸುವುದು, ಇಲ್ಲವೇ ಗಿಡಗಳು ಹೀರಿಕೊಳ್ಳುವುದು. ಹಾಗಾಗಿ ಒಂದೆರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಆಹಾರ ಹಾಕಿ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಕ್ಲೋರಿನ್ ಹೋಗಿಸಿದ ಹೊಸ ನೀರು ಹಾಕಿ. ತೆಗೆಯುವಾಗ ತಳದ ಕಲ್ಲಿನ ನಡುವಿನ ಕೊಳೆಯನ್ನೂ ಪೈಪಿನಿಂದ ಎಳೆಯಿರಿ.

ಒಂದು ಕೆಲಸ ಮಾತ್ರ ಮಾಡಬೇಡಿ. ಪಾಚಿಯ ಮೇಲಿನ ಸಿಟ್ಟಿಗೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಫಿಲ್ಟರಿನ ಸ್ಪಾಂಜನ್ನು ನಲ್ಲಿ ಕೆಳಗೆ ತಿಕ್ಕಿ ತೊಳೆಯುವುದು. ಕ್ಲೋರಿನ್ ತಾಗಿದರೆ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಅಮೋನಿಯಾ ಏರುತ್ತದೆ, ಮೀನು ನರಳುತ್ತವೆ. ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿದರೆ ಸಾಕು.

ವೇಗವಾಗಿ ಬೆಳೆಯುವ ಗಿಡಗಳು ಪಾಚಿಯ ದೊಡ್ಡ ಶತ್ರು. ಹಾರ್ನ್‌ವರ್ಟ್, ವ್ಯಾಲಿಸ್ನೇರಿಯಾ, ಮೇಲೆ ತೇಲುವ ಸಾಲ್ವಿನಿಯಾ, ಯಾವುದಾದರೂ ಸರಿ. ತೇಲುವ ಗಿಡ ನೆರಳನ್ನೂ ಕೊಡುತ್ತದೆ. ಆದರೆ ಅದು ಮೇಲ್ಮೈ ಪೂರ್ತಿ ಮುಚ್ಚದಂತೆ ಆಗಾಗ ತೆಗೆಯಿರಿ.

ಎಲ್ಲ ಪಾಚಿಯೂ ಒಂದೇ ಅಲ್ಲ, ಅಲ್ವಾ? ಹೊಸ ಟ್ಯಾಂಕಿನಲ್ಲಿ ಕಂದು ಬಣ್ಣದ ಪುಡಿಯಂತೆ ಅಂಟುವುದು ಡಯಾಟಮ್. ಬೆರಳು ತಾಗಿದರೆ ಸಾಕು, ಬಿಟ್ಟುಬರುತ್ತದೆ. ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಗಾಜಿನ ಮೇಲೆ ಗಟ್ಟಿಯಾಗಿ ಕೂರುವ ಹಸಿರು ಚುಕ್ಕೆಗೆ ಬ್ಲೇಡ್ ಬೇಕು. ಅಕ್ರಿಲಿಕ್ ಟ್ಯಾಂಕ್ ಆದರೆ ಬ್ಲೇಡ್ ಮುಟ್ಟಿಸಬೇಡಿ, ಗೀರು ಬೀಳುತ್ತದೆ.

ನೀರೇ ಹಸಿರಾಗಿದ್ದರೆ ಅದು ತೇಲಾಡುವ ಒಂಟಿಕೋಶದ ಪಾಚಿ. ಸಾಮಾನ್ಯ ಫಿಲ್ಟರಿಗೆ ಸಿಕ್ಕುವುದಿಲ್ಲ. ಅರ್ಧ ನೀರು ಬದಲಿಸಿದರೂ ಕೆಲವೇ ದಿನಗಳಲ್ಲಿ ಮತ್ತೆ ಹಸಿರು. ಇದಕ್ಕೆ ಯುವಿ ಲ್ಯಾಂಪ್ ಇರುವ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಟ್ಯಾಂಕಿಗೆ ದಪ್ಪ ಬಟ್ಟೆ ಹೊದಿಸಿ 3-4 ದಿನ ಪೂರ್ತಿ ಕತ್ತಲು ಮಾಡಿ. ಆಗ ಏರ್ ಪಂಪ್ ನಿಲ್ಲಿಸಲೇಬಾರದು, ಸಾಯುವ ಪಾಚಿ ಆಮ್ಲಜನಕ ತಿನ್ನುತ್ತದೆ. ಬಟ್ಟೆ ತೆಗೆದ ದಿನವೇ ನೀರು ಬದಲಿಸಿ.

ಹಾಳೆಯಂತೆ ಎದ್ದುಬರುವ, ಕೆಟ್ಟ ವಾಸನೆಯ ನೀಲಿ-ಹಸಿರು ಲೋಳೆ ನಿಜಕ್ಕೂ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಹೆಚ್ಚಾಗಿ ನೀರು ಓಡಾಡದ ಮೂಲೆಗಳಲ್ಲಿ ಕಾಣುತ್ತದೆ. ಪೈಪಿನಿಂದ ಎಳೆದು, ನೀರಿನ ಹರಿವು ಹೆಚ್ಚಿಸಿ, ಮೇಲೆ ಹೇಳಿದ ಕತ್ತಲೆಯ ಉಪಾಯ ಮಾಡಿ. ಆಂಟಿಬಯಾಟಿಕ್‌ಗೆ ಅವಸರ ಬೇಡ.

ಎಲೆಯ ಅಂಚಿನಲ್ಲಿ, ಮರದ ತುಂಡಿನ ಮೇಲೆ ಕಪ್ಪು ಗಡ್ಡದಂತೆ ಬೆಳೆಯುವುದೇ ಎಲ್ಲಕ್ಕಿಂತ ಹಠಮಾರಿ. ನೋಡಲು ಕಪ್ಪಾದರೂ ಇದು ಕೆಂಪು ಪಾಚಿಯ ಜಾತಿ. ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಬಿಡುವ ಟ್ಯಾಂಕಿನಲ್ಲಿ ಅದರ ಪ್ರಮಾಣ ಏರಿಳಿಯುತ್ತಿದ್ದರೆ ಜಾಸ್ತಿ ಬರುತ್ತದೆ. ಹಿಡಿದ ಎಲೆಗಳನ್ನು ಕತ್ತರಿಸಿ ಬಿಸಾಕಿ. ಮರ, ಕಲ್ಲನ್ನು ಹೊರತೆಗೆದು 3% ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸಿ, ಕೆಲವು ನಿಮಿಷ ಬಿಟ್ಟು ಚೆನ್ನಾಗಿ ತೊಳೆದು ಹಾಕಿ. ಒಂದೆರಡು ದಿನದಲ್ಲಿ ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಸತ್ತಿದೆ ಎಂದರ್ಥ.

ಪಾಚಿ ತಿನ್ನುವ ಮೀನಿನ ಬಗ್ಗೆ ಕಡೆಗೆ ಹೇಳುತ್ತಿರುವುದಕ್ಕೆ ಕಾರಣವಿದೆ. ಅಂಗಡಿಯಲ್ಲಿ ಬೆರಳುದ್ದ ಕಾಣುವ ಸಾಮಾನ್ಯ ಪ್ಲೆಕೊ 30 ಸೆಂ.ಮೀ. ದಾಟುತ್ತದೆ, ತಿನ್ನುವ ಪಾಚಿಗಿಂತ ಮಾಡುವ ಗಲೀಜೇ ಜಾಸ್ತಿ. ಚೈನೀಸ್ ಆಲ್ಗೀ ಈಟರ್ ದೊಡ್ಡದಾದಮೇಲೆ ಬೇರೆ ಮೀನುಗಳ ಮೈಗೆ ಅಂಟಿ ಕಾಟ ಕೊಡುತ್ತದೆ. ಚಿಕ್ಕ ಟ್ಯಾಂಕಿಗೆ ನನ್ನ ಆಯ್ಕೆ ನೆರೈಟ್ ಬಸವನಹುಳ ಮತ್ತು ಅಮಾನೊ ಸೀಗಡಿ. ಜಪಾನಿನ ತಕಾಶಿ ಅಮಾನೊ ತಮ್ಮ ಗಿಡದ ಟ್ಯಾಂಕುಗಳಲ್ಲಿ ಬಳಸಿ ಜನಪ್ರಿಯ ಮಾಡಿದ್ದರಿಂದ ಆ ಹೆಸರು. ಎರಡರ ಮರಿಗಳೂ ಸಿಹಿನೀರಿನಲ್ಲಿ ಉಳಿಯುವುದಿಲ್ಲ, ಹಾಗಾಗಿ ಸಂಖ್ಯೆ ಮಿತಿಮೀರುವ ಭಯವಿಲ್ಲ. ನೆರೈಟ್ ಅಲ್ಲಲ್ಲಿ ಬಿಳಿ ಮೊಟ್ಟೆ ಅಂಟಿಸುತ್ತದೆ, ಅಷ್ಟು ಸಹಿಸಿಕೊಳ್ಳಬೇಕು. ಇವನ್ನು ಸಾಕಿದ ಮೇಲೆ ಪಾಚಿನಾಶಕ ಕೊಳ್ಳುವ ಮುಂಚೆ ಬಾಟಲಿಯ ಹಿಂದಿನ ಚೀಟಿ ಓದಿ. ತಾಮ್ರ ಇರುವ ಔಷಧಿ ಸೀಗಡಿ, ಬಸವನಹುಳ ಎರಡನ್ನೂ ಕೊಲ್ಲುತ್ತದೆ.