ನಗರದ ಬಾವಿ, ಗದ್ದೆಯ ರಾಕೆಟ್

ನಮ್ಮ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಸಂಕ್ರಾಂತಿಗೆ ತೀರ್ಥಹಳ್ಳಿಗೆ ಬಂದವಳು ಚೀಲದಿಂದ ಮೊದಲು ತೆಗೆದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿ ದೊಡ್ಡದಾಗಿ ಬರೆದಿತ್ತು: "ಗುರಿ: 1 ಕಿಲೋಮೀಟರ್ ಎತ್ತರ." ಕೆಳಗೆ ಮೂರು ಹಂತದ ರಾಕೆಟ್ಟಿನ ಚಿತ್ರ, ತುದಿಯಲ್ಲಿ ಕ್ಯಾಮೆರಾ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಶಾಲೆಯಲ್ಲಿ ತೋರಿಸಬೇಕಂತೆ. ಇಂಧನದ ಮುಂದೆ ಮಾತ್ರ ಪ್ರಶ್ನೆ ಚಿಹ್ನೆ.

"ಮಾವ, ಪೆಟ್ಲುಪ್ಪಿಗೆ ಸಕ್ಕರೆ ಸೇರಿಸಿದ್ರೆ ರಾಕೆಟ್ ಹಾರುತ್ತಂತೆ, ಹೌದಾ?"

ಹಾರುತ್ತೆ, ಆದ್ರೆ ಬೇಡ ಅಂದೆ. ಉರಿಯೋದಕ್ಕೆ ಬೇಕಾದ ಆಮ್ಲಜನಕ ಆ ಮಿಶ್ರಣದ ಒಳಗೇ ಇರುತ್ತದೆ. ಕೈತಪ್ಪಿ ಹೊತ್ತಿಕೊಂಡರೆ ಒದ್ದೆ ಗೋಣಿ ಮುಚ್ಚಿದರೂ ಉರಿ ನಿಲ್ಲುವುದಿಲ್ಲ. ಬೆರಳು, ಕಣ್ಣು ಕಳೆದುಕೊಂಡ ಮೇಲೆ ಯಾವ ಪ್ರಾಜೆಕ್ಟು? ಅದೂ ಅಲ್ಲದೆ ಲೈಸೆನ್ಸ್ ಇಲ್ಲದೆ ಸಿಡಿಮದ್ದು ತಯಾರಿಸುವುದು 1884ರ ಸ್ಫೋಟಕಗಳ ಕಾಯ್ದೆಯಡಿ ಅಪರಾಧ. ಹುಡುಗಿಯ ಮುಖ ಸಪ್ಪಗಾಯಿತು. ಮರುದಿನ ಬೆಳಗ್ಗೆ ಅವಳನ್ನು ಶಿವಮೊಗ್ಗದ ಬಸ್ಸು ಹತ್ತಿಸಿಕೊಂಡು ಶಿವಪ್ಪ ನಾಯಕನ ಅರಮನೆಗೆ ಕರಕೊಂಡು ಹೋದೆ.

ಆ ಅರಮನೆ ಈಗ ಸರ್ಕಾರಿ ಮ್ಯೂಸಿಯಂ. ನಮ್ಮ ಜಿಲ್ಲೆಯ ಮಕ್ಕಳೆಲ್ಲ ಒಮ್ಮೆ ನೋಡಲೇಬೇಕಾದ ವಸ್ತು ಅಲ್ಲಿದೆ. ಹೊಸನಗರ ತಾಲೂಕಿನ ನಗರ ಗೊತ್ತಲ್ಲ, ಹಿಂದಿನ ಬಿದನೂರು? ಕೆಳದಿ ನಾಯಕರ ರಾಜಧಾನಿ. 1763ರಲ್ಲಿ ಹೈದರಾಲಿಯ ಕೈ ಸೇರಿತು. 2018ರ ಜುಲೈನಲ್ಲಿ ಅಲ್ಲಿನ ಒಂದು ಹಾಳುಬಾವಿ ಅಗೆದಾಗ 1,000ಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕಿದವು. ಟಿಪ್ಪುವಿನ ಕಾಲದವು. ತೆಗೆದ ಕೆಸರಿಗೆ ಇನ್ನೂ ಮದ್ದಿನ ವಾಸನೆ ಇತ್ತಂತೆ!

ನೋಡಿದರೆ ತುಕ್ಕು ಹಿಡಿದ ಕೊಳವೆ, ಅಷ್ಟೇ. ಸುಮಾರು ಒಂದು ಗೇಣುದ್ದ, ಸೌತೆಕಾಯಿ ದಪ್ಪ. ಹುಡುಗಿ ಬಗ್ಗಿ ತುಂಬಾ ಹೊತ್ತು ನೋಡಿದಳು. "ಇದರಲ್ಲಿ ಅಂಥಾದ್ದೇನಿದೆ ಮಾವ?" ಅಂದಳು.

ಇರುವುದು ಆ ಕಬ್ಬಿಣದಲ್ಲೇ. ಮುಚ್ಚಿದ ಕೊಳವೆಯೊಳಗೆ ಅನಿಲ ಒತ್ತಿಕೊಂಡಿದೆ ಅಂತಿಟ್ಟುಕೊಳ್ಳಿ. ಅದು ಎಲ್ಲ ಗೋಡೆಗಳನ್ನೂ ಒಂದೇ ಸಮ ನೂಕುತ್ತಿರುತ್ತದೆ. ಎಡದ ನೂಕಿಗೆ ಬಲದ ನೂಕು ಸರಿಹೋಗುತ್ತದೆ, ಮೇಲಿನದಕ್ಕೆ ಕೆಳಗಿನದು. ಕೊಳವೆ ಅಲುಗುವುದಿಲ್ಲ. ಈಗ ಕೆಳಗೊಂದು ತೂತು ಮಾಡಿ. ತೂತು ಇರುವ ಕಡೆ ನೂಕಿಸಿಕೊಳ್ಳಲು ಗೋಡೆಯೇ ಇಲ್ಲ. ಮೇಲಿನ ನೂಕಿಗೆ ಎದುರಾಳಿ ಇಲ್ಲದೆ ಕೊಳವೆ ಮೇಲಕ್ಕೆ ಹೋಗುತ್ತದೆ. ರಾಕೆಟ್ಟು ನೆಲವನ್ನೋ ಗಾಳಿಯನ್ನೋ ಒದ್ದು ಏಳುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿದ್ದರೆ ಗಾಳಿಯೇ ಇಲ್ಲದ ಬಾಹ್ಯಾಕಾಶದಲ್ಲಿ ಅದು ಹೋಗುವುದು ಹೇಗೆ, ಅಲ್ವಾ?

ಅಂದರೆ ಒಳಗಿನ ಒತ್ತಡ ಜಾಸ್ತಿಯಾದಷ್ಟೂ ನೂಕುಬಲ ಜಾಸ್ತಿ. ಕಾಗದ, ಬಿದಿರಿನ ಕೊಳವೆಗಳು ಹೆಚ್ಚು ಒತ್ತಡ ತಾಳದೆ ಸಿಡಿಯುತ್ತಿದ್ದವು. ಮೈಸೂರಿನವರು ಕಬ್ಬಿಣ ಬಳಸಿದರು. ಉದ್ದನೆಯ ಬಿದಿರು ಕಟ್ಟಿದ ಆ ರಾಕೆಟ್‌ಗಳು ಒಂದು ಕಿಲೋಮೀಟರಿಗೂ ಆಚೆ ಹೋಗಿ ಬೀಳುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಅವನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸಿದರು. ಅಲ್ಲಿನ ವಿಲಿಯಂ ಕಾಂಗ್ರೀವ್ ಎಂಬ ಸಂಶೋಧಕ ತನ್ನ ರಾಕೆಟ್ ಮಾಡಿದ್ದು ಅವನ್ನು ನೋಡಿಯೇ.

"ಹಾಗಾದ್ರೆ ಒತ್ತಡ ತಡೆಯೋ ಡಬ್ಬ ಇದ್ರೆ ಸಾಕು, ಬೆಂಕಿ ಬೇಡ" ಅಂದಳು ಹುಡುಗಿ. ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಎರಡು ಲೀಟರಿನ ಸೋಡಾ ಬಾಟಲಿ ತಗೊಂಡೇ ಊರಿಗೆ ಬಂದೆವು.

ಸೋಡಾದ್ದೇ ಬೇಕು. ಗ್ಯಾಸ್ ತುಂಬಿದ ಪಾನೀಯದ ಬಾಟಲಿಯನ್ನು ಒತ್ತಡ ತಾಳಲೆಂದೇ ಮಾಡಿರುತ್ತಾರೆ. ಬರೀ ಕುಡಿಯುವ ನೀರಿನ ಬಾಟಲಿ ತೆಳು, ಅದು ಒಡೆಯುತ್ತದೆ. ಬಾಟಲಿಗೆ ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ. ಸೈಕಲ್ ಪಂಪಿನಿಂದ 60 ಪಿಎಸ್‌ಐವರೆಗೆ ತುಂಬಿಸಿದೆವು, ಅಂದರೆ ವಾತಾವರಣದ ಒತ್ತಡದ ಸುಮಾರು ನಾಲ್ಕು ಪಟ್ಟು. ಬಾಯಿ ಬಿಟ್ಟ ಕೂಡಲೇ ನೀರು ಸೆಕೆಂಡಿಗೆ ಸುಮಾರು 28 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಗಂಟೆಗೆ 100 ಕಿಲೋಮೀಟರ್! ಆ ಕ್ಷಣದ ನೂಕುಬಲ ಒಂದು 30 ಕಿಲೋ ಮೂಟೆ ಎತ್ತುವಷ್ಟು. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಬಾಟಲಿ ಖಾಲಿ.

ಬರೀ ಗಾಳಿ ಸಾಲದಾ, ನೀರು ಯಾಕೆ? ಗಾಳಿ ಹಗುರ. ಹಿಂದಕ್ಕೆ ಎಸೆಯುವ ವಸ್ತು ಭಾರವಾಗಿದ್ದಷ್ಟೂ ಬಾಟಲಿಗೆ ಸಿಗುವ ಒದೆತ ದೊಡ್ಡದು. ಆದರೆ ನೀರು ಜಾಸ್ತಿಯಾದರೆ ಬಾಟಲಿ ಭಾರ, ಗಾಳಿಗೆ ಜಾಗವೂ ಕಡಿಮೆ. ಸರಿಯಾದ ಪ್ರಮಾಣ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅದನ್ನು ತಾನೇ ಹುಡುಕಬೇಕು ಅನ್ನುವುದು ಅವಳಿಗೆ ಹಿಡಿಸಿತು. ನನಗೂ ಪ್ರಾಜೆಕ್ಟು ಶುರುವಾದದ್ದು ಆಗಲೇ ಅನ್ನಿಸಿತು.

ಹಾರಿಸುವ ಮೊದಲು ಬಾಟಲಿ ಪರೀಕ್ಷೆ. ಕಂಠದವರೆಗೂ ನೀರು ತುಂಬಿಸಿ, ಹಾರಿಸುವಾಗ ಬಳಸುವುದಕ್ಕಿಂತ ಸ್ವಲ್ಪ ಹೆಚ್ಚು ಒತ್ತಡ ಕೊಟ್ಟು ನೋಡಿದೆವು. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಶಕ್ತಿ ಕೂಡಿಟ್ಟುಕೊಳ್ಳುವುದೂ ಇಲ್ಲ. ಬಾಟಲಿ ಬಿರಿದರೂ ಚೂರು ಸಿಡಿಯದೆ ಸುಮ್ನೆ ಸೋರಿಹೋಗುತ್ತದೆ. ಗೀರು ಬಿದ್ದ ಬಾಟಲಿ ಬೇಡವೇ ಬೇಡ.

ರಬ್ಬರ್ ಬಿರಡೆಗೆ ಸೈಕಲ್ ಟ್ಯೂಬಿನ ವಾಲ್ವ್ ಸಿಕ್ಕಿಸಿ ಹಾರಿಸುವುದು ಸುಲಭ. ಆದರೆ ಬಿರಡೆ ಒಮ್ಮೆ 40ಕ್ಕೆ ಹಾರುತ್ತದೆ, ಒಮ್ಮೆ 55ಕ್ಕೆ. ಪ್ರತಿ ಸಲ ಒತ್ತಡ ಬೇರೆಯಾದರೆ ನೀರಿನ ಲೆಕ್ಕ ಹೋಲಿಸುವುದು ಹೇಗೆ? ಅದಕ್ಕೇ ಪಿವಿಸಿ ಪೈಪಿನ ಸ್ಟ್ಯಾಂಡ್ ಮಾಡಿ, ಬಾಟಲಿಯ ಕತ್ತನ್ನು ಹಿಡಿದಿಡುವ ಪಿನ್ನಿಗೆ ಹಗ್ಗ ಕಟ್ಟಿದೆವು. ಪಂಪನ್ನೂ ಉದ್ದದ ಪೈಪಿನಿಂದ ಜೋಡಿಸಿ ಹತ್ತು ಮೀಟರ್ ದೂರದಲ್ಲಿ ನಿಂತೆವು. ಕಣ್ಣಿಗೆ ಕನ್ನಡಕ.

ಮೊದಲ ದಿನದ ಹಾರಾಟ ಕೆಟ್ಟಿತು. ರಟ್ಟಿನ ರೆಕ್ಕೆಗಳು ನೀರಿಗೆ ನೆನೆದು ಮಡಚಿಕೊಂಡವು, ಬಾಟಲಿ ಗಾಳಿಯಲ್ಲಿ ಲಾಗ ಹಾಕಿತು. ಹುಡುಗಿ ತೋಟಕ್ಕೆ ಹೋಗಿ ಒಂದು ಅಡಿಕೆ ಹಾಳೆ ಹೆಕ್ಕಿಕೊಂಡು ಬಂದಳು. ನೆನೆಸಿ, ಕಲ್ಲು ಹೇರಿ ಚಪ್ಪಟೆ ಮಾಡಿ ಒಣಗಿಸಿ, ಕತ್ತರಿಯಲ್ಲಿ ಮೂರು ರೆಕ್ಕೆ ಕತ್ತರಿಸಿದಳು. ಹಗುರ, ಗಟ್ಟಿ. ನೀರು ಎರಚಿದರೂ ರಟ್ಟಿನ ಹಾಗೆ ಕುಸಿಯಲಿಲ್ಲ. ಮೂತಿಗೆ ಒಂದು ಉಂಡೆ ಜೇಡಿಮಣ್ಣು. ಖಾಲಿ ಬಾಟಲಿಯ ಭಾರ ಸಮನಾಗುವ ಕಡೆ ದಾರ ಕಟ್ಟಿ ತಲೆಯ ಸುತ್ತ ತಿರುಗಿಸಿದಳು. ಮೂತಿ ಮುಂದಾಗಿಯೇ ಸುತ್ತಿತು. ಭಾರ ಮುಂದಿರಬೇಕು, ಗಾಳಿ ತಡೆಯುವ ಅಗಲ ಹಿಂದಿರಬೇಕು. ಆಗ ರಾಕೆಟ್ಟು ಓಲಾಡಿದರೂ ಗಾಳಿಯೇ ಅದನ್ನು ನೇರ ಮಾಡುತ್ತದೆ. ಟಿಪ್ಪುವಿನ ರಾಕೆಟ್ಟಿಗೆ ಬಿದಿರು ಕಟ್ಟುತ್ತಿದ್ದದ್ದೂ ನೇರ ಹೋಗಲೆಂದೇ.

ಎತ್ತರ ಅಳೆಯಲು ಕೋನಮಾಪಕಕ್ಕೆ ದಾರ, ದಾರದ ತುದಿಗೆ ನಟ್ಟು. ಕೊಯ್ಲಾದ ಗದ್ದೆಯಲ್ಲಿ 40 ಮೀಟರ್ ದೂರ ನಿಂತು ರಾಕೆಟ್ಟು ಏರಿದ ತುತ್ತತುದಿಯನ್ನು ನೋಡುವುದು. 650 ಮಿಲಿಲೀಟರ್ ನೀರಿಗೆ 40 ಡಿಗ್ರಿ ಬಂತು. ಟ್ಯಾನ್ 40, ಅಂದರೆ ಆ ಕೋನಕ್ಕೆ ಎತ್ತರ ದೂರದ ಎಷ್ಟು ಪಾಲು ಅನ್ನುವುದು, 0.839. 40ರಿಂದ ಗುಣಿಸಿ, ಅವಳ ಕಣ್ಣಿನ ಎತ್ತರ ಕೂಡಿಸಿದರೆ 35 ಮೀಟರ್. ಇಷ್ಟೇನಾ ಅಂದಳು. ರಾಬರ್ಟ್ ಗೊಡಾರ್ಡ್ ಕಥೆ ಹೇಳಿದೆ. ಜಗತ್ತಿನ ಮೊದಲ ದ್ರವ ಇಂಧನದ ರಾಕೆಟ್ಟನ್ನು 1926ರ ಮಾರ್ಚ್ 16ರಂದು ಅಮೆರಿಕದ ಆಬರ್ನ್ ಊರಿನ ಒಂದು ತೋಟದಲ್ಲಿ ಅವರು ಹಾರಿಸಿದರು. ಹಾರಿದ್ದು ಎರಡೂವರೆ ಸೆಕೆಂಡು, ಏರಿದ್ದು 41 ಅಡಿ. ಅವಳು ಪಟ್ಟನೆ ಲೆಕ್ಕ ಹಾಕಿ, "ಹನ್ನೆರಡೂವರೆ ಮೀಟರ್!" ಅಂದಳು.

ಈಗ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಐದು ಸಾಲು: 300, 500, 650, 800, 1,000 ಮಿಲಿಲೀಟರ್. ಪ್ರತಿಯೊಂದಕ್ಕೂ ಮೂರು ಹಾರಾಟ, ಬೆಳಗ್ಗೆ ಗಾಳಿ ಏಳುವ ಮೊದಲೇ. 800ರ ಮುಂದೆ ಇನ್ನೂ ಖಾಲಿ. ಆ ರಾಕೆಟ್ಟು ಅಡಿಕೆ ಮರದ ಸುಳಿಯಲ್ಲಿ ಸಿಕ್ಕಿಕೊಂಡಿದೆ. ಸೋಮವಾರ ಅಡಿಕೆ ಕೊನೆ ಕೊಯ್ಯುವವರು ಬರುತ್ತಾರೆ, ದೋಟಿಯಲ್ಲಿ ಇಳಿಸಿಕೊಡ್ತೀವಿ ಅಂದಿದ್ದಾರೆ.